ಚೀನಾ ಕಲಿಸಿದ ಪಾಠ, ನಮ್ಮ ಮನೆಯ ಹಿರಿಯರು



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರೈತರಿಗೆ ಹಿಪ್ಪುನೇರಳೆ, ಚಂದ್ರಿಕೆ, ಗೂಡು ದಿನನಿತ್ಯದ ಮಾತು. ಈ ರೇಷ್ಮೆ ವಿದ್ಯೆ ಹುಟ್ಟಿದ್ದು ಚೀನಾದಲ್ಲಿ. 'ಚೀನಾಂಬರ' ಎಂಬ ಪದವೇ ಅದಕ್ಕೆ ಸಾಕ್ಷಿ. ಕಾಗದ, ಚಹಾ, ಪಿಂಗಾಣಿಗಳೂ ಅಲ್ಲಿಂದಲೇ ಲೋಕಕ್ಕೆ ಹರಡಿದವು. ಆದರೆ ಚೀನಾದ ಪ್ರಭಾವ ವಸ್ತುಗಳಿಗಷ್ಟೇ ನಿಲ್ಲಲಿಲ್ಲ, ಧರ್ಮಗಳನ್ನೂ ಮುಟ್ಟಿತು. ಭಾರತದಿಂದ ಅಲ್ಲಿಗೆ ಹೋದ ಬೌದ್ಧಧರ್ಮವು ತಂದೆತಾಯಿಯರ ಸೇವೆಗೆ ವಿಶೇಷ ಸ್ಥಾನ ಕೊಡಬೇಕಾಯಿತು. ನಮ್ಮ ಧರ್ಮಸಭೆಯ ಮುಂದೆಯೂ ಅದೇ ಪ್ರಶ್ನೆ ಬಂದಿತು.

1582ರಲ್ಲಿ ಮಕಾವ್ ತಲುಪಿದ ಯೇಸುಸಭೆಯ ಗುರು ಮತ್ತೇಯೊ ರಿಚ್ಚಿ, 1595ರಿಂದ ಚೀನೀ ಪಂಡಿತರ ರೇಷ್ಮೆ ನಿಲುವಂಗಿ ಧರಿಸಿದರು. ಗತಿಸಿದ ಹಿರಿಯರ ಹೆಸರಿನ ಫಲಕಕ್ಕೆ ತಲೆಬಾಗುವುದು ಮಕ್ಕಳು ಸಲ್ಲಿಸುವ ಗೌರವ, ವಿಗ್ರಹಾರಾಧನೆಯಲ್ಲ ಎಂದು ಅವರು ಭಾವಿಸಿದರು. ಬೇರೆ ಸಭೆಗಳ ಗುರುಗಳು ಒಪ್ಪಲಿಲ್ಲ. 1715ರಲ್ಲಿ, ಮತ್ತೆ 1742ರಲ್ಲಿ ಜಗದ್ಗುರುಗಳು ಆ ಆಚರಣೆಗಳನ್ನು ನಿಷೇಧಿಸಿದರು. 1744ರಲ್ಲಿ ಮಧುರೆ, ಮೈಸೂರು, ಕರ್ನಾಟಿಕ್ ಮಿಷನ್‌ಗಳ ಸ್ಥಳೀಯ ಆಚರಣೆಗಳ ಮೇಲೂ ಕಟ್ಟುನಿಟ್ಟಿನ ತೀರ್ಪು ಬಂದಿತು. ಸುಮಾರು ಎರಡು ಶತಮಾನಗಳ ನಂತರ, 1939ರ ಡಿಸೆಂಬರ್ 8ರಂದು, ಹನ್ನೆರಡನೆಯ ಪಯಸ್ ಜಗದ್ಗುರುಗಳ ಅನುಮೋದನೆಯಿಂದ ರೋಮ್ ಹೊಸ ಆದೇಶ ಹೊರಡಿಸಿತು. ಮೃತರ ಭಾವಚಿತ್ರ ಅಥವಾ ಹೆಸರಿನ ಫಲಕದ ಮುಂದೆ ತಲೆಬಾಗುವುದು ಯೋಗ್ಯ ಗೌರವ ಎಂದು ಅದು ಒಪ್ಪಿತು.

ಈ ಚರಿತ್ರೆ ನಮಗೇಕೆ? ನಮ್ಮ ಅನೇಕ ಕುಟುಂಬಗಳಲ್ಲಿ ಅಜ್ಜಿ-ತಾತ, ದೊಡ್ಡಪ್ಪ-ಚಿಕ್ಕಪ್ಪ ಹಿಂದಿನ ಧರ್ಮದಲ್ಲಿಯೇ ಇದ್ದಾರೆ. ಪಿತೃಪಕ್ಷದಲ್ಲಿ ಅಣ್ಣತಮ್ಮಂದಿರು ಎಡೆ ಇಡುವಾಗ ಕ್ರೈಸ್ತನಾದ ಮಗ ದೂರ ನಿಂತರೆ, "ಹೆತ್ತವರನ್ನೇ ಮರೆತ" ಎಂಬ ಮಾತು ಬರುತ್ತದೆ. ಆ ಮಾತು ಮನೆಯನ್ನೇ ಒಡೆಯಬಲ್ಲದು.

ಇಲ್ಲಿ ಉದ್ದೇಶವನ್ನು ವಿವೇಚಿಸಿರಿ. ತಂದೆಯ ಭಾವಚಿತ್ರಕ್ಕೆ ಹಾರ ಹಾಕುವುದು, ದೀಪ ಹಚ್ಚುವುದು, ಕೈಮುಗಿಯುವುದು, ಅವರ ನೆನಪಿನಲ್ಲಿ ಬಡವರಿಗೆ ಅನ್ನ ಹಾಕುವುದು ಗೌರವ. ಮೃತರನ್ನು ದೇವರೆಂದು ಆರಾಧಿಸುವುದು, ಎಡೆ ಇಡದಿದ್ದರೆ ಕೇಡು ಬರುತ್ತದೆಂದು ಹೆದರುವುದು ನಮ್ಮ ವಿಶ್ವಾಸಕ್ಕೆ ಸಲ್ಲದು. ನಾವು ಮೃತರಿಗೆ ಹೆದರುವುದಿಲ್ಲ, ಅವರಿಗಾಗಿ ದೇವರನ್ನು ಪ್ರಾರ್ಥಿಸುತ್ತೇವೆ. ಸಂದೇಹವಿದ್ದರೆ ಮೊದಲೇ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿರಿ.

ಎಡೆಗೆ ಕೈ ಹಾಕದಿದ್ದರೂ ಆ ದಿನ ಅಣ್ಣನ ಮನೆಗೆ ಹೋಗಿರಿ, ಹಿರಿಯರನ್ನು ಮಾತನಾಡಿಸಿರಿ. ನವೆಂಬರ್ 2ರಂದು ಸಕಲ ಮೃತರ ಸ್ಮರಣೆಯ ಬಲಿಪೂಜೆಗೆ ಅವರನ್ನೂ ಕರೆಯಿರಿ. ತಂದೆತಾಯಿಯರನ್ನು ಗೌರವಿಸಬೇಕೆಂಬ ನಾಲ್ಕನೆಯ ಆಜ್ಞೆ ಅವರ ಮರಣದೊಂದಿಗೆ ಮುಗಿಯುವುದಿಲ್ಲವೆಂದು ನಿಮ್ಮ ಮಕ್ಕಳು ಆಗ ಕಂಡು ಕಲಿಯುವರು.