ಮಾನಿಟರ್ ಕೊಳ್ಳುವ ಮುನ್ನ ಮೇಜು ಅಳೆಯಿರಿ

ಮಕ್ಕಳು ಎಂಟು, ಒಂಬತ್ತನೇ ತರಗತಿಗೆ ಬರುತ್ತಿದ್ದಂತೆ ಬಹಳಷ್ಟು ಮನೆಗಳಲ್ಲಿ ಈ ಮಾತು ಏಳುತ್ತದೆ: ಲ್ಯಾಪ್‌ಟಾಪಿಗೆ ಬಗ್ಗಿ ಬಗ್ಗಿ ಕತ್ತು ನೋವು ಅಂತಾನೆ, ಒಂದು ದೊಡ್ಡ ಮಾನಿಟರ್ ತಂದುಬಿಡೋಣ. ಯೋಚನೆ ಸರಿಯಾದದ್ದೇ. ಪರದೆ ದೊಡ್ಡದಾಗಿ ಕಣ್ಣಿನ ಮಟ್ಟಕ್ಕೆ ಬಂದರೆ ಮಗು ಹಿಂದಕ್ಕೆ ಸರಿದು ನೆಟ್ಟಗೆ ಕೂರಬಹುದು. 27 ಇಂಚಿನ ಪರದೆಯ ಎತ್ತರ ಸುಮಾರು 33.5 ಸೆಂ.ಮೀ. ಇರುತ್ತದೆ, 29.7 ಸೆಂ.ಮೀ. ಎತ್ತರದ ಎ4 ಪುಟ ಅದರಲ್ಲಿ ನಿಜ ಗಾತ್ರದಲ್ಲೇ ಇಡಿಯಾಗಿ ಕಾಣುತ್ತದೆ. ಒಂದು ಕಡೆ ಪಠ್ಯಪುಸ್ತಕದ ಪಿಡಿಎಫ್, ಪಕ್ಕದಲ್ಲಿ ಪಾಠದ ವಿಡಿಯೊ ಇಟ್ಟುಕೊಂಡು ಓದಬಹುದು. ಲ್ಯಾಪ್‌ಟಾಪಿನಲ್ಲಿ ಅದು ಆಗದ ಮಾತು.

ತೊಡಕು ಶುರುವಾಗುವುದು ಅಂಗಡಿಯಲ್ಲಿ. ನಾವು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಇಂಚು?’, ಎರಡನೆಯದು ‘ಎಷ್ಟು ರೇಟು?’. ಇವೆರಡಕ್ಕೂ ಮುಂಚೆ ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಬೇಕಾದ ಸಂಗತಿಯೊಂದಿದೆ: ಮಗುವಿನ ಕಣ್ಣಿಗೂ ಪರದೆಗೂ ಎಷ್ಟು ದೂರ ಇರುತ್ತದೆ? ಇಂಚೂ ರೆಸಲ್ಯೂಶನ್ನೂ ಆ ದೂರದ ಮೇಲೆ ನಿಂತಿವೆ.

ಮೊದಲು ರೆಸಲ್ಯೂಶನ್ ಅಂದರೇನು ಎಂದು ನೋಡಿಬಿಡೋಣ. ಪರದೆಯ ಚಿತ್ರವೆಲ್ಲ ಪಿಕ್ಸೆಲ್ ಎಂಬ ಚುಕ್ಕಿಗಳಿಂದ ಆದದ್ದು. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920, ಲಂಬಕ್ಕೆ 1080 ಚುಕ್ಕಿ. ಒಟ್ಟು ಇಪ್ಪತ್ತು ಲಕ್ಷದ ಮೇಲೆ ಸ್ವಲ್ಪ. ಕ್ಯೂಎಚ್‌ಡಿಯಲ್ಲಿ (ಅಂಗಡಿಯವರು ಇದನ್ನೇ 2ಕೆ ಅನ್ನುವುದುಂಟು) 2560 × 1440, ಅಂದರೆ ಸುಮಾರು 37 ಲಕ್ಷ. 4ಕೆಯಲ್ಲಿ 3840 × 2160, ಸುಮಾರು 83 ಲಕ್ಷ. ಈ ಸಂಖ್ಯೆ ಪರದೆಯ ಗಾತ್ರದ ಜೊತೆ ಬೆಳೆಯುವುದಿಲ್ಲ. ಅಂಗಳ ದೊಡ್ಡದಾಯಿತೆಂದು ಅಷ್ಟೇ ಚುಕ್ಕಿಯ ರಂಗೋಲಿಯನ್ನು ದೂರ ದೂರ ಇಟ್ಟು ಎಳೆದಂತೆ, 24 ಇಂಚಿನಲ್ಲಿದ್ದ ಅದೇ ಇಪ್ಪತ್ತು ಲಕ್ಷ ಚುಕ್ಕಿಗಳನ್ನು 32 ಇಂಚಿಗೆ ಹರಡಿದರೆ ಪ್ರತಿ ಚುಕ್ಕಿಯೂ ದಪ್ಪವಾಗುತ್ತದೆ, ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ.

ಆದ್ದರಿಂದ ನಮಗೆ ಬೇಕಾದದ್ದು ಚುಕ್ಕಿಗಳ ಒಟ್ಟು ಲೆಕ್ಕಕ್ಕಿಂತ ಒಂದೊಂದು ಚುಕ್ಕಿಯ ಅಗಲ. 24 ಇಂಚಿನ ಫುಲ್ ಎಚ್‌ಡಿಯಲ್ಲಿ ಅದು 0.28 ಮಿ.ಮೀ. 27 ಇಂಚಿನ ಫುಲ್ ಎಚ್‌ಡಿಯಲ್ಲಿ 0.31, 32 ಇಂಚಿನ ಫುಲ್ ಎಚ್‌ಡಿಯಲ್ಲಿ 0.37. ಅದೇ 27 ಇಂಚು ಕ್ಯೂಎಚ್‌ಡಿ ಆದರೆ 0.23ಕ್ಕೆ ಇಳಿಯುತ್ತದೆ, 4ಕೆ ಆದರೆ 0.16ಕ್ಕೆ. 32 ಇಂಚಿನ ಕ್ಯೂಎಚ್‌ಡಿಯಲ್ಲಿ ಮತ್ತೆ 0.28. ಅಂದರೆ ಹೆಚ್ಚು ದುಡ್ಡು ಕೊಟ್ಟು ತಂದ ಆ ಭಾರಿ ಪರದೆಯ ನಯ, ಹಳೆಯ 24 ಇಂಚಿನಷ್ಟೇ. ಹರವು ಮಾತ್ರ ದೊಡ್ಡದು.

ಕಣ್ಣಿನ ಲೆಕ್ಕ ಇದಕ್ಕೆ ಜೋಡಿ. 6/6 ದೃಷ್ಟಿ ಇರುವ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಸೂಕ್ಷ್ಮವನ್ನು ಬೇರೆಬೇರೆಯಾಗಿ ಗುರುತಿಸಬಲ್ಲದು. 60 ಸೆಂ.ಮೀ. ದೂರದಲ್ಲಿ ಅದು ಸುಮಾರು 0.17 ಮಿ.ಮೀ., 75 ಸೆಂ.ಮೀ.ನಲ್ಲಿ 0.22. ಚುಕ್ಕಿ ಇದಕ್ಕಿಂತ ದೊಡ್ಡದಾದಷ್ಟೂ ಒರಟುತನ ಎದ್ದು ಕಾಣುತ್ತದೆ. ಇದಕ್ಕಿಂತ ಚಿಕ್ಕದಾದರೆ ಕಣ್ಣಿಗೆ ಹೆಚ್ಚೇನೂ ಸಿಗುವುದಿಲ್ಲ. ಹದಿಹರೆಯದವರ ಕಣ್ಣು ನಮ್ಮದಕ್ಕಿಂತ ಚುರುಕಾಗಿರಬಹುದು, ಅದೂ ನೆನಪಿರಲಿ. ನಿಮಗೆ ಚೆನ್ನಾಗಿಯೇ ಕಂಡದ್ದು ಮಗಳಿಗೆ ‘ಅಕ್ಷರ ಒಡೆದ ಹಾಗಿದೆ’ ಅನ್ನಿಸಿದರೆ ಅವಳದು ಹಟವೆಂದು ತಳ್ಳಿಹಾಕಬೇಡಿ.

ಈಗ ಅಳತೆ ಟೇಪು ತನ್ನಿ. ಮಗು ಓದುವ ಮೇಜಿನ ಆಳವನ್ನು, ಅಂದರೆ ಗೋಡೆಯಿಂದ ಮಗುವಿನ ಎದೆಯ ಕಡೆಯ ಅಂಚಿನವರೆಗಿನ ಅಳತೆಯನ್ನು ನೋಡಿ. ಗೋಡೆಗೆ ಹೊಂದಿಸಿ ಮಾಡಿಸಿದ ಸ್ಟಡಿ ಟೇಬಲ್‌ಗಳು ಎಷ್ಟೋ ಮನೆಗಳಲ್ಲಿ ಒಂದೂವರೆ ಅಡಿ, ಅಂದರೆ 45 ಸೆಂ.ಮೀ. ಮಾತ್ರ ಇರುತ್ತವೆ. ಮಾನಿಟರಿನ ಕಾಲು ಅದರಲ್ಲಿ ಒಂದು ಗೇಣು ಜಾಗ ತಿನ್ನುತ್ತದೆ. ಪರದೆ ಆ ಕಾಲಿಗಿಂತ ಕೊಂಚ ಮುಂದೆ ಚಾಚಿಕೊಂಡೇ ನಿಲ್ಲುತ್ತದೆ. ಮುಂದೆ ಕೀಬೋರ್ಡು, ಪುಸ್ತಕ. ಮಗು ಕುರ್ಚಿಯನ್ನು ಎಷ್ಟೇ ಹಿಂದೆ ತಳ್ಳಿದರೂ ಬರೆಯಬೇಕೆಂದರೆ ಮುಂದೆ ಬರಲೇಬೇಕು. ಅಲ್ಲಿಗೆ ಕಣ್ಣಿಗೂ ಪರದೆಗೂ ಉಳಿಯುವುದು ಎರಡು ಅಡಿಗಿಂತ ಕಡಿಮೆ. ಅಂಥ ಮೇಜಿನ ಮೇಲೆ 32 ಇಂಚು ಇಟ್ಟರೆ, ಎಡಮೂಲೆಯಿಂದ ಬಲಮೂಲೆಗೆ 70 ಸೆಂ.ಮೀ. ಅಗಲದ ಪರದೆಯನ್ನು ಓದಲು ಮಗು ಇಡೀ ತಲೆ ತಿರುಗಿಸುತ್ತಿರಬೇಕು. ಕತ್ತುನೋವಿಗೆಂದು ತಂದ ಮದ್ದು ಅಲ್ಲೇ ಕೆಲಸ ಕೆಡಿಸುತ್ತದೆ. ಪರದೆಯನ್ನು ಗೋಡೆಗೆ ಅಥವಾ ಮೇಜಿನ ಹಿಂದಂಚಿಗೆ ಕಚ್ಚಿಸುವ ತೋಳು ಸಿಗುತ್ತದೆ. ಮೇಜು ಬದಲಿಸಲಾಗದವರಿಗೆ ಅದು ಕೊಟ್ಟ ಕಾಸಿಗೆ ಮೋಸವಿಲ್ಲದ ಖರೀದಿ. ಮಾನಿಟರಿನ ಬೆನ್ನಲ್ಲಿ ಅದಕ್ಕೆ ಬೇಕಾದ ನಾಲ್ಕು ತಿರುಪು ತೂತುಗಳು ಇವೆಯೇ ಎಂದು ಕೊಳ್ಳುವಾಗಲೇ ನೋಡಿ.

ನನ್ನ ಅಭಿಪ್ರಾಯ ಹೀಗಿದೆ. ಆಳ ಒಂದೂವರೆ ಅಡಿಯಾದರೆ 24 ಇಂಚು, ಫುಲ್ ಎಚ್‌ಡಿ ಸಾಕು, ಅಲ್ಲಿಗೆ ನಿಲ್ಲಿಸಿ. ಎರಡು ಅಡಿಯಾದರೆ 27 ಇಂಚು, ಆದರೆ ಕ್ಯೂಎಚ್‌ಡಿ. ಹೆಚ್ಚಿನ ಮನೆಗಳಿಗೆ ಹೊಂದುವ ಜೋಡಿ ಇದೇ. ಎರಡೂವರೆ ಅಡಿ ಇದ್ದು, ಕಂಪ್ಯೂಟರೂ ತಾಳುವಂತಿದ್ದರೆ 32 ಇಂಚು 4ಕೆ. ನಾನು ಬೇಡ ಅನ್ನುವುದು ಒಂದನ್ನು: 27 ಇಂಚಿನ ಫುಲ್ ಎಚ್‌ಡಿ. ಬೆಲೆ ಕಡಿಮೆಯೆಂದು ಅಂಗಡಿಯವರು ಅದನ್ನೇ ಮೊದಲು ಮುಂದಿಡುತ್ತಾರೆ. ಸಿನಿಮಾಕ್ಕೆ ಅಡ್ಡಿಯಿಲ್ಲ, ದಿನಕ್ಕೆ ಎರಡು ಗಂಟೆ ಓದುವ ಮಗುವಿಗೆ ಬೇಡ.

ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಪರದೆಗಳಲ್ಲೆಲ್ಲ ಜಲಪಾತ, ನವಿಲು, ಹೂವಿನ ವಿಡಿಯೊ ಓಡುತ್ತಿರುತ್ತದೆ. ಚಲಿಸುವ ಚಿತ್ರದಲ್ಲಿ ಒರಟು ಚುಕ್ಕಿ ಕಾಣುವುದೇ ಇಲ್ಲ, ಅದನ್ನು ನೋಡಿ ಮೆಚ್ಚಬೇಡಿ. ‘ಒಂದು ವರ್ಡ್ ಫೈಲ್ ತೆಗೀರಿ’ ಎಂದು ಕೇಳಿ, ಸಣ್ಣ ಗಾತ್ರದಲ್ಲಿ ಕನ್ನಡ ಟೈಪ್ ಮಾಡಿಸಿ. ಕನ್ನಡದ ಓದುಗರಿಗೆ ನಮ್ಮ ಲಿಪಿಯೇ ಒಳ್ಳೆಯ ಪರೀಕ್ಷೆ. ದ, ಧ, ಥ ಮೂರನ್ನೂ ಪಕ್ಕಪಕ್ಕ ಬರೆಯಿಸಿ: ಧ-ಕಾರದ ಕೆಳಗಿನ ಸೀಳೂ ಥ-ಕಾರದ ಹೊಟ್ಟೆಯೊಳಗಿನ ಚುಕ್ಕೆಯೂ ಒಂದೆರಡು ಪಿಕ್ಸೆಲ್‌ನಲ್ಲಿ ಮುಗಿದುಹೋಗುವಂಥವು. ಆಮೇಲೆ ‘ಸ್ವಾತಂತ್ರ್ಯ’, ‘ರಾಷ್ಟ್ರ’, ‘ವೈಶಿಷ್ಟ್ಯ’. ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಪುಟ್ಟವು, ಕೆಲವೇ ಚುಕ್ಕಿಗಳ ಎತ್ತರದಲ್ಲಿ ಮೂಡಬೇಕಾದವು. ರ-ಒತ್ತೂ ಯ-ಒತ್ತೂ ಒಂದಕ್ಕೊಂದು ಅಂಟಿ ಕಪ್ಪು ಮುದ್ದೆಯಾಗಿ ಕಂಡರೆ ಆ ಪರದೆ ನಿಮ್ಮ ಮನೆಗೆ ಬೇಡ. ಇಂಗ್ಲಿಷ್ ಅಕ್ಷರಗಳು ಇಷ್ಟು ಬೇಗ ಸೋಲುವುದಿಲ್ಲ. ಹಾಗಾಗಿ ಇಂಗ್ಲಿಷ್ ವಿಮರ್ಶೆ ನೋಡಿ ‘ಟೆಕ್ಸ್ಟ್ ಶಾರ್ಪ್ ಇದೆಯಂತೆ’ ಎಂದು ಕೊಂಡವರಿಗೆ ಕನ್ನಡ ಮಾಧ್ಯಮದ ಪಠ್ಯಪುಸ್ತಕ ತೆರೆದಾಗಲೇ ವ್ಯತ್ಯಾಸ ತಿಳಿಯುವುದು.

ಮನೆಗೆ ತಂದ ಮೇಲೆ ಆಗುವ ಎಡವಟ್ಟು ಇನ್ನೊಂದು ಬಗೆಯದು. ಹೆಚ್ಚು ರೆಸಲ್ಯೂಶನ್ನಿನ ಪರದೆ ಹಚ್ಚಿದ ಕೂಡಲೇ ಅಕ್ಷರಗಳೆಲ್ಲ ಇರುವೆಯಷ್ಟಾಗಿ ಕಾಣಬಹುದು. ಚುಕ್ಕಿ ಸಣ್ಣದಾಯಿತಲ್ಲ, ಅಕ್ಷರವೂ ಸಣ್ಣದಾಗುತ್ತದೆ. ಆಗ ಯಾರೋ ಒಬ್ಬರು ಸೆಟಿಂಗ್ಸ್‌ಗೆ ಹೋಗಿ ರೆಸಲ್ಯೂಶನ್ನನ್ನೇ 1600 × 900ಕ್ಕೋ 1280 × 720ಕ್ಕೋ ಇಳಿಸುತ್ತಾರೆ. ಅಕ್ಷರ ದೊಡ್ಡದಾಗುತ್ತದೆ ನಿಜ, ಆದರೆ ಎಲ್ಲವೂ ಮಸುಕು. ಪರದೆಯಲ್ಲಿರುವ ಚುಕ್ಕಿಗಳ ಸಂಖ್ಯೆ ಕಾರ್ಖಾನೆಯಲ್ಲೇ ಗಟ್ಟಿಯಾದದ್ದು; ಕಡಿಮೆ ಚುಕ್ಕಿಯ ಚಿತ್ರವನ್ನು ಅದರ ಮೇಲೆ ಹಿಗ್ಗಿಸಿ ಕೂರಿಸಿದರೆ ಒಂದು ಚುಕ್ಕಿ ಒಂದಕ್ಕಿಂತ ಹೆಚ್ಚು ಚುಕ್ಕಿಗಳ ಜಾಗಕ್ಕೆ ಹರಡಿ ಅಂಚು ಕಲಸಿಹೋಗುತ್ತದೆ. ಕೊಟ್ಟ ದುಡ್ಡು ನೀರಲ್ಲಿ ಹೋಮ. ವಿಂಡೋಸ್‌ನಲ್ಲಿ ರೆಸಲ್ಯೂಶನ್ ಎದುರು ‘ರೆಕಮೆಂಡೆಡ್’ ಎಂದಿರುವುದನ್ನೇ ಯಾವತ್ತೂ ಇಟ್ಟುಕೊಳ್ಳಿ. ಅಕ್ಷರ ದೊಡ್ಡದು ಮಾಡಬೇಕಾದರೆ ಅದೇ ಪುಟದಲ್ಲಿರುವ ‘ಸ್ಕೇಲ್’ ಎಂಬುದನ್ನು ಶೇ. 125ಕ್ಕೋ 150ಕ್ಕೋ ಏರಿಸಿ. ಅಕ್ಷರ ಹಿಗ್ಗುತ್ತದೆ, ಅಂಚು ಹರಿತವಾಗಿಯೇ ಉಳಿಯುತ್ತದೆ.

ಇದರಿಂದ ಇನ್ನೊಂದು ತಪ್ಪು ನಿರೀಕ್ಷೆಯೂ ಕಳಚುತ್ತದೆ. 27 ಇಂಚಿನ 4ಕೆ ಪರದೆಯನ್ನು 150ರಲ್ಲಿ ಇಟ್ಟರೆ ಅದರಲ್ಲಿ ಹಿಡಿಸುವ ಸಾಮಗ್ರಿ 27 ಇಂಚಿನ ಕ್ಯೂಎಚ್‌ಡಿಯಷ್ಟೇ. 4ಕೆ ಅಂದಮಾತ್ರಕ್ಕೆ ಹೆಚ್ಚು ಕಿಟಕಿಗಳನ್ನು ತೆರೆದಿಡಲು ಜಾಗ ಸಿಗುವುದಿಲ್ಲ. ಸಿಗುವುದು ಅಚ್ಚಾದ ಪುಸ್ತಕಕ್ಕೆ ಹತ್ತಿರದ ನಯ. ಓದು, ಚಿತ್ರಕಲೆ, ವಿನ್ಯಾಸ ಕಲಿಯುವ ಮಗುವಿಗೆ ಆ ನಯಕ್ಕೆ ಬೆಲೆಯುಂಟು, ಉಳಿದವರಿಗೆ ಅಷ್ಟಿಲ್ಲ. ಹಳೆಯ ಕೆಲವು ತಂತ್ರಾಂಶಗಳು ಸ್ಕೇಲಿಂಗ್‌ಗೆ ಒಗ್ಗುವುದಿಲ್ಲ ಎಂಬುದೂ ತಿಳಿದಿರಲಿ. ಮನೆಯಲ್ಲಿರುವುದು ಮ್ಯಾಕ್ ಆದರೆ ಲೆಕ್ಕ ಸ್ವಲ್ಪ ಬೇರೆ: 2018ರ ಮೊಹಾವಿ ಆವೃತ್ತಿಯಿಂದೀಚೆಗೆ ಅದು ಕಡಿಮೆ ಸಾಂದ್ರತೆಯ ಪರದೆಗಳಲ್ಲಿ ಅಕ್ಷರವನ್ನು ನಯಗೊಳಿಸುತ್ತಿದ್ದ ಹಳೆಯ ವಿಧಾನವನ್ನು ಕೈಬಿಟ್ಟಿದೆ, ಹಾಗಾಗಿ 4ಕೆಯಲ್ಲೇ ಅದರ ಅಕ್ಷರ ಚೆಂದ.

ಪರದೆ ಎಷ್ಟು ಒಳ್ಳೆಯದಾದರೇನು, ಕಂಪ್ಯೂಟರು ಅಷ್ಟು ಚುಕ್ಕಿಗಳನ್ನು ಕಳಿಸಬೇಕಲ್ಲ. ಎಚ್‌ಡಿಎಂಐ 1.4 ಇರುವ ಹಳೆಯ ಲ್ಯಾಪ್‌ಟಾಪು 4ಕೆಗೆ ಸೆಕೆಂಡಿಗೆ 30 ಚಿತ್ರ ಮಾತ್ರ ಕೊಡಬಲ್ಲದು. ಮೌಸ್ ಎಳೆದರೆ ಜೋಲಿ ಹೊಡೆದ ಹಾಗೆ ತಡವರಿಸಿ ಚಲಿಸುತ್ತದೆ, ಮಗು ‘ಹ್ಯಾಂಗ್ ಆಗ್ತಿದೆ’ ಅನ್ನುತ್ತದೆ. 60 ಬೇಕೆಂದರೆ ಎರಡೂ ಕಡೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2, ಮತ್ತು ಅದಕ್ಕೆ ತಕ್ಕ ಕೇಬಲ್ ಇರಬೇಕು. ನೀಲಿ ಬಣ್ಣದ ಹಳೆಯ ವಿಜಿಎ ಕೇಬಲ್‌ನಲ್ಲಂತೂ ದೊಡ್ಡ ಪರದೆ ಹಚ್ಚಬೇಡಿ, ಅಕ್ಷರದ ಸುತ್ತ ನೆರಳು ಬರುತ್ತದೆ. ಲ್ಯಾಪ್‌ಟಾಪಿನ ಸಿ ಮಾದರಿಯ ಕಿಂಡಿ ಕಂಡು ಹಿಗ್ಗಬೇಡಿ. ಅವುಗಳಲ್ಲಿ ಕೆಲವು ಚಾರ್ಜಿಂಗಿಗೂ ಫೈಲ್ ಸಾಗಿಸಲಿಕ್ಕೂ ಮಾತ್ರ, ಚಿತ್ರ ಕಳಿಸುವುದಿಲ್ಲ. ಮಾದರಿ ಸಂಖ್ಯೆ ಹಾಕಿ ತಯಾರಕರ ಪುಟದಲ್ಲಿ ನೋಡಿಕೊಳ್ಳಿ.

‘ಮನೇಲಿ ಹಳೇ 32 ಇಂಚಿನ ಟಿವಿ ಇದೆಯಲ್ಲ, ಅದನ್ನೇ ಹಚ್ಚಿದರಾಯ್ತು’ ಅನ್ನುವವರೂ ಇದ್ದಾರೆ. ಆ ಗಾತ್ರದ ಅಗ್ಗದ ಟಿವಿಗಳು ಬಹುಪಾಲು ‘ಎಚ್‌ಡಿ ರೆಡಿ’, 1366 × 768. ಒಂದೊಂದು ಚುಕ್ಕಿಯೂ ಅರ್ಧ ಮಿ.ಮೀ.ಗಿಂತ ದೊಡ್ಡದು. ಆನ್‌ಲೈನ್ ತರಗತಿಯನ್ನು ಮಂಚದ ಮೇಲೆ ಕೂತು ನೋಡಲಿಕ್ಕೆ ಸರಿ, ಮೇಜಿನ ಓದಿಗೆ ಆಗದು. ಡಬ್ಬಿಯ ಮೇಲೆ ‘4ಕೆ ಸಪೋರ್ಟ್’ ಎಂದಿದ್ದರೆ ಅದು 4ಕೆ ಪರದೆ ಎಂದಾಗಬೇಕಿಲ್ಲ. ಆ ಚಿತ್ರವನ್ನು ಒಳಗೆ ತೆಗೆದುಕೊಂಡು ಕುಗ್ಗಿಸಿ ತೋರಿಸುತ್ತೇನೆ ಎಂಬರ್ಥವೂ ಇದ್ದೀತು. ‘ನೇಟಿವ್ ರೆಸಲ್ಯೂಶನ್ ಎಷ್ಟು?’ ಎಂದೇ ಕೇಳಿ. ನಿಜವಾದ 4ಕೆ ಟಿವಿಯನ್ನು ಹಚ್ಚಿ ಬಣ್ಣದ ಅಕ್ಷರಗಳು ಕದಡಿದಂತೆ ಕಂಡರೆ ಆ ಎಚ್‌ಡಿಎಂಐ ಕಿಂಡಿಯ ಹೆಸರನ್ನು ಟಿವಿಯ ಸೆಟಿಂಗ್ಸ್‌ನಲ್ಲಿ ‘ಪಿಸಿ’ ಎಂದು ಬದಲಿಸಿ ನೋಡಿ. ಹಲವು ಟಿವಿಗಳಲ್ಲಿ ಅಷ್ಟರಿಂದಲೇ ಸರಿಹೋಗುತ್ತದೆ.

ಮಗನ ಕಣ್ಣು ಗೇಮ್ ಮೇಲಿದ್ದರೆ ಅವನು 4ಕೆಯೂ ಬೇಕು, 144 ಹರ್ಟ್ಜ್ (ಸೆಕೆಂಡಿಗೆ 144 ಚಿತ್ರ) ಕೂಡ ಬೇಕು ಅನ್ನುತ್ತಾನೆ. 4ಕೆಯಲ್ಲಿ ಸೆಕೆಂಡಿಗೆ 60 ಚಿತ್ರವೆಂದರೆ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ ಸುಮಾರು 50 ಕೋಟಿ ಚುಕ್ಕಿ ಬಿಡಿಸಬೇಕು. ಮಾನಿಟರಿನ ಹಿಂದೆಯೇ ಕಾರ್ಡಿನ ಖರ್ಚು ಬರುತ್ತದೆ ಎಂದು ಅವನ ಜೊತೆಯಲ್ಲೇ ಕೂತು ಲೆಕ್ಕ ಹಾಕಿ. ಆಟ, ಓದು ಎರಡಕ್ಕೂ ಆಗುವ ರಾಜಿ 27 ಇಂಚಿನ ಕ್ಯೂಎಚ್‌ಡಿಯೇ.

ಕಣ್ಣಿನ ಚಿಂತೆಯ ಬಗ್ಗೆ ಎರಡು ಮಾತು. ಕಡಿಮೆ ರೆಸಲ್ಯೂಶನ್ ಕಣ್ಣು ಕೆಡಿಸುತ್ತದೆ, 4ಕೆ ಕಣ್ಣು ಉಳಿಸುತ್ತದೆ ಎಂಬ ಮಾತನ್ನು ನಂಬಬೇಕಿಲ್ಲ. ಮಕ್ಕಳ ಸಮೀಪದೃಷ್ಟಿಯ ಬಗ್ಗೆ ತಜ್ಞರು ಒತ್ತಿ ಹೇಳುವುದು ಅನುವಂಶೀಯತೆ, ತೀರಾ ಹತ್ತಿರ ಹಿಡಿದು ಬಹಳ ಹೊತ್ತು ಮಾಡುವ ಕೆಲಸ, ಬಯಲಿನ ಬೆಳಕಿನಲ್ಲಿ ಕಳೆಯುವ ಸಮಯದ ಕೊರತೆ ಇವುಗಳನ್ನು. ಆ ಲೆಕ್ಕದಲ್ಲಿ ತೋಳಿನಷ್ಟು ದೂರದ ಮಾನಿಟರು, ಮೂಗಿಗೆ ತಾಗಿಸಿದ ಮೊಬೈಲಿಗಿಂತ ಎಷ್ಟೋ ವಾಸಿ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ದುಡ್ಡು ಹಾಕಬೇಡಿ. 2023ರ ಕಾಕ್ರೇನ್ ಪರಿಶೀಲನೆಯಲ್ಲಿ ಅದರಿಂದ ಕಣ್ಣಿನ ಆಯಾಸ ಕಡಿಮೆಯಾಗುತ್ತದೆಂಬುದಕ್ಕೆ ಆಧಾರ ಸಿಗಲಿಲ್ಲ. ಮಗು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರೆ ಮಾನಿಟರ್ ಅಂಗಡಿಗಿಂತ ಮೊದಲು ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಎಷ್ಟೋ ಸಲ ಬೇಕಾಗಿರುವುದು ಒಂದು ಕನ್ನಡಕ.

ಹೊಸ ಪರದೆ ಬಂದ ದಿನವೇ ರೆಸಲ್ಯೂಶನ್, ಸ್ಕೇಲ್, ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) ಮೂರನ್ನೂ ನೋಡಿ. 60 ಇರಬೇಕಾದಲ್ಲಿ 30 ಎಂದಿದ್ದರೆ ಕೇಬಲ್ ಬದಲಿಸಿ ನೋಡಿ. ಪರದೆ ತುಂಬ ಒಮ್ಮೆ ಬರೀ ಬಿಳಿ, ಒಮ್ಮೆ ಬರೀ ಕಪ್ಪು ತುಂಬಿಸಿ, ಸತ್ತ ಚುಕ್ಕಿ ಅಥವಾ ಆರದೆ ಉರಿಯುವ ಚುಕ್ಕಿ ಇದೆಯೇ ಎಂದು ಹುಡುಕಿ. ಒಂದೆರಡು ಇದ್ದರೆ ಬದಲಿಸಿ ಕೊಡುವುದಿಲ್ಲ ಎನ್ನುವ ವಾರಂಟಿಗಳೂ ಇರುವುದರಿಂದ ಆ ಷರತ್ತನ್ನು ಬಿಲ್ ಮಾಡಿಸುವ ಮೊದಲೇ ಓದಿರಬೇಕು. ಡಬ್ಬಿ, ಥರ್ಮಾಕೋಲು ಎರಡೂ ವಾಪಸಾತಿಯ ಗಡುವು ಮುಗಿಯುವವರೆಗೆ ಅಟ್ಟದ ಮೇಲಿರಲಿ.