ಅಸಿಟ್ರೋಮ್ ಮಾತ್ರೆಯೂ ಬೆರಕೆ ಸೊಪ್ಪಿನ ಸಾರೂ

ಪ್ರಶ್ನೆ: ನಮ್ಮ ತಾಯಿಗೆ 52 ವರ್ಷ. ಚಿಕ್ಕಂದಿನಲ್ಲಿ ಬಂದ ಕೀಲುವಾತ ಜ್ವರದಿಂದ ಹೃದಯದ ಮೈಟ್ರಲ್ ಕವಾಟ ಹಾಳಾಗಿ, ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಲೋಹದ ವಾಲ್ವ್ ಹಾಕಿದರು. ರಕ್ತ ಹೆಪ್ಪುಗಟ್ಟದಿರಲೆಂದು ದಿನಾ ಸಂಜೆ ಅಸಿಟ್ರೋಮ್ ಮಾತ್ರೆ ತಗೊಳ್ಳುತ್ತಾರೆ. ಸೊಪ್ಪು ತಿನ್ನಬಾರದು ಎಂದು ಯಾರೋ ಹೇಳಿದ್ದಕ್ಕೆ ಸಾರಿನಲ್ಲಿ ತೇಲುವ ಕೊತ್ತಂಬರಿಯನ್ನೂ ಆರಿಸಿ ಪಕ್ಕಕ್ಕಿಡುತ್ತಾರೆ. ಇಷ್ಟು ಪಥ್ಯ ಮಾಡಿದರೂ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್‌ಆರ್ ಒಂದು ಸಲ 1.6, ಇನ್ನೊಂದು ಸಲ 4.8. ಯಾಕೆ ಡಾಕ್ಟ್ರೇ?
— ಓದುಗರು, ಕಡೂರು ತಾಲ್ಲೂಕು

ಉತ್ತರ: ಅಷ್ಟು ಪಥ್ಯ ಮಾಡಿದ್ದರಿಂದಲೇ ಹೀಗಾಗುತ್ತಿರಬಹುದು. ಕೊತ್ತಂಬರಿ ಆರಿಸುವ ಕೆಲಸದಿಂದ ತಾಯಿಯವರಿಗೆ ಇವತ್ತೇ ಬಿಡುಗಡೆ ಕೊಡಿ.

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ನಮ್ಮ ಯಕೃತ್ತು ತಯಾರಿಸುತ್ತದೆ. ಅವುಗಳಲ್ಲಿ ಎರಡು, ಏಳು, ಒಂಬತ್ತು, ಹತ್ತನೆಯ ಅಂಶಗಳೆಂದು ಕರೆಯುವ ನಾಲ್ಕಕ್ಕೆ ವಿಟಮಿನ್ ಕೆ ಇಲ್ಲದೆ ಕಸುವು ಬರುವುದಿಲ್ಲ. ಒಮ್ಮೆ ಬಳಸಿದ ವಿಟಮಿನ್ ಕೆಯನ್ನು ದೇಹ ಎಸೆಯದೆ ಮತ್ತೆ ಬಳಕೆಗೆ ಸಜ್ಜು ಮಾಡಿಕೊಳ್ಳುತ್ತದೆ. ಅಸಿಟ್ರೋಮ್ ಅಡ್ಡ ಬರುವುದು ಈ ಮರುಬಳಕೆಗೆ. ಊಟದಿಂದ ಹೊಸದಾಗಿ ಬರುವ ವಿಟಮಿನ್ ತಡೆಯಿಲ್ಲದೆ ಕೆಲಸಕ್ಕೆ ಇಳಿಯುತ್ತದೆ. ಹಾಗಾಗಿ ನಿಮ್ಮ ವೈದ್ಯರು ಗೊತ್ತುಮಾಡುವ ಮಾತ್ರೆಯ ಅಳತೆ ನಿಮ್ಮ ಮನೆಯ ಊಟಕ್ಕೆ ಹೊಂದಿಕೊಂಡ ಅಳತೆ. ಊಟದಲ್ಲಿ ವಿಟಮಿನ್ ಕೆ ಹೆಚ್ಚೂಕಮ್ಮಿ ಇಲ್ಲವೇ ಇಲ್ಲ ಎಂಬಂತಾದರೆ ಒಳಗಿನ ದಾಸ್ತಾನು ತಳ ಕಾಣುತ್ತದೆ. ಆಗ ನೆಂಟರ ಮನೆಯಲ್ಲಿ ಒಂದು ಹೊತ್ತು ಮಸೊಪ್ಪು ಉಂಡರೂ ಐಎನ್‌ಆರ್ ಕೆಳಗೆ ಬೀಳುತ್ತದೆ, ಜ್ವರ ಬಂದು ಎರಡು ದಿನ ಗಂಜಿಯಲ್ಲೇ ಇದ್ದರೆ ಮೇಲೇರುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕಾರಣವಿಲ್ಲದೆ ಐಎನ್‌ಆರ್ ಏರಿಳಿಯುತ್ತಿದ್ದ ರೋಗಿಗಳಿಗೆ ಅವರು ದಿನಕ್ಕೆ 150 ಮೈಕ್ರೋಗ್ರಾಂ ವಿಟಮಿನ್ ಕೆ ಕೊಟ್ಟು ನೋಡಿದರು. ಏರಿಳಿತ ತಗ್ಗಿತು. ಇದನ್ನು ಓದಿ ಅಂಗಡಿಯಿಂದ ವಿಟಮಿನ್ ಮಾತ್ರೆ ತರಬೇಡಿ, ಅದು ವೈದ್ಯರು ನೋಡಿಕೊಳ್ಳಬೇಕಾದ ವಿಷಯ.

ನಮ್ಮ ಕಡೆಯ ತೊಂದರೆ ಇನ್ನೊಂದಿದೆ. ಕಡೂರು ಮಳೆ ಕಡಿಮೆ ಬೀಳುವ ಸೀಮೆ. ಮುಂಗಾರು ಹನಿದು ಹೊಲದ ಬದು ಹಸಿರಾಯಿತೆಂದರೆ ಅಣ್ಣೆ ಸೊಪ್ಪು, ಕಿರಕಸಾಲೆ, ಹೊನಗೊನೆ ಎಲ್ಲ ಒಟ್ಟಿಗೆ ಮಡಿಲು ತುಂಬಿ ಮನೆಗೆ ಬರುತ್ತವೆ. ವಾರವಿಡೀ ಬೆರಕೆ ಸೊಪ್ಪಿನದೇ ಸಾರು, ಮುದ್ದೆ. ಬೇಸಿಗೆ ಬಂತೋ, ಹುರುಳಿ ಸಾರು, ತರಕಾರಿ ಸಾರು. ಆರೋಗ್ಯವಂತರಿಗೆ ಇದು ಸೊಗಸಾದ ಊಟದ ಪದ್ಧತಿ. ಅಸಿಟ್ರೋಮ್ ತಗೊಳ್ಳುವವರಿಗೆ ಮಾತ್ರ ಮಾತ್ರೆಯ ಲೆಕ್ಕ ತಪ್ಪಿಸುವ ಪದ್ಧತಿ. ತಾಯಿಯವರ ರಿಪೋರ್ಟುಗಳನ್ನು ತಿಂಗಳ ಪ್ರಕಾರ ಜೋಡಿಸಿ, ಆಯಾ ತಿಂಗಳು ಮನೆಯಲ್ಲಿ ಏನು ಅಡಿಗೆಯಾಗುತ್ತಿತ್ತು ಎಂದು ನೆನಪು ಮಾಡಿಕೊಂಡು ನೋಡಿ.

ಯಾವುದರಲ್ಲಿ ಎಷ್ಟಿದೆ? ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 100 ಮೈಕ್ರೋಗ್ರಾಂ. ನೂರು ಗ್ರಾಂ ಹಸಿ ಪಾಲಕ್‌ನಲ್ಲಿ 400ರ ಮೇಲಿರುತ್ತದೆ. ನುಗ್ಗೆ ಸೊಪ್ಪು, ಹರಿವೆ, ದಂಟುಗಳನ್ನೂ ಅದೇ ಸಾಲಿಗೆ ಸೇರಿಸಿ. ಎಲೆಕೋಸಿನಲ್ಲಿ 75ರ ಆಸುಪಾಸು. ಕೊತ್ತಂಬರಿಯಲ್ಲಿ 300ರಷ್ಟಿದೆ ನಿಜ, ಆದರೆ ಸಾರಿನ ಮೇಲೆ ಉದುರಿಸುವ ಒಂದು ಚಿಟಿಕೆಯಿಂದ ಹತ್ತು ಮೈಕ್ರೋಗ್ರಾಂ ಕೂಡ ಸಿಗುವುದಿಲ್ಲ. ರಾಗಿ, ಅಕ್ಕಿ, ಈರುಳ್ಳಿ, ಆಲೂಗಡ್ಡೆ, ತೆಂಗಿನಕಾಯಿ ಇವು ಲೆಕ್ಕಕ್ಕೇ ಇಲ್ಲ. ಸೊಪ್ಪು ಬೇಯಿಸಿ ನೀರು ಬಸಿದರೆ ವಿಟಮಿನ್ ಹೋಗುತ್ತದೆಂದು ಕೆಲವರು ನಂಬಿದ್ದಾರೆ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ನೀರಿನಲ್ಲಿ ಕರಗುವುದಿಲ್ಲ, ಒಲೆಯ ಬಿಸಿಗೂ ಅಷ್ಟಾಗಿ ಜಗ್ಗುವುದಿಲ್ಲ. ಬಸ್ಸಾರು ಮಾಡಿದರೆ ಅದರ ಬಹುಪಾಲು ಪಲ್ಯದಲ್ಲೇ ಉಳಿಯುತ್ತದೆ.

ವಾರಕ್ಕೆ ಮೂರು ದಿನ, ಒಂದು ಸಣ್ಣ ಬಟ್ಟಲು ಸೊಪ್ಪಿನ ಪಲ್ಯ ಅಥವಾ ಸಾರು ಎಂದು ಗೊತ್ತುಮಾಡಿಕೊಳ್ಳಿ. ಮಳೆಗಾಲಕ್ಕೂ ಅಷ್ಟೇ, ಬೇಸಿಗೆಗೂ ಅಷ್ಟೇ. ಆದರೆ ನಾಳೆಯೇ ಶುರು ಮಾಡಬೇಡಿ. ಮೈಟ್ರಲ್ ಜಾಗದ ಲೋಹದ ವಾಲ್ವಿಗೆ ಐಎನ್‌ಆರ್ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ಇರಬೇಕು. ಈಗಾಗಲೇ 1.6ಕ್ಕೆ ಇಳಿದದ್ದುಂಟು. ಸೊಪ್ಪು ಶುರು ಮಾಡುವ ದಿನವನ್ನು ಮೊದಲೇ ವೈದ್ಯರಿಗೆ ತಿಳಿಸಿ, ವಾರದೊಳಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ. ಮಾತ್ರೆ ಸ್ವಲ್ಪ ಏರಿಸಬೇಕಾಗಬಹುದು. ಸಾಧ್ಯವಾದಷ್ಟೂ ಒಂದೇ ಲ್ಯಾಬಿಗೆ ಹೋಗಿ.

ಈ ನಡುವೆ ಕಪ್ಪು ಮಲ, ನಿಲ್ಲದ ಮೂಗಿನ ರಕ್ತ, ತಲೆಗೆ ಪೆಟ್ಟು, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಏಕಾಏಕಿ ಏದುಸಿರು, ವಾಲ್ವಿನ ಟಿಕ್ ಟಿಕ್ ಸದ್ದು ಮಂದವಾಗುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಪ್ರಶ್ನೆ: ಸ್ಟೆಂಟ್ ಹಾಕಿಸಿಕೊಂಡಿದ್ದೇನೆ. ಇಕೋಸ್ಪ್ರಿನ್, ಕ್ಲೋಪಿಡೋಗ್ರೆಲ್ ನಡೆಯುತ್ತಿದೆ. ಎರಡೂ ರಕ್ತ ತೆಳು ಮಾಡುವ ಮಾತ್ರೆಯಂತೆ. ಒಂದು ವರ್ಷದಿಂದ ಸೊಪ್ಪು ಮುಟ್ಟಿಲ್ಲ.
— ಓದುಗರು, ತರೀಕೆರೆ

ಉತ್ತರ: ಧಾರಾಳವಾಗಿ ತಿನ್ನಿ. ನಿಮ್ಮ ಎರಡೂ ಮಾತ್ರೆ ಕೆಲಸ ಮಾಡುವುದು ರಕ್ತದ ಪ್ಲೇಟ್‌ಲೆಟ್ ಕಣಗಳ ಮೇಲೆ, ವಿಟಮಿನ್ ಕೆಗೂ ಅವಕ್ಕೂ ಸಂಬಂಧವಿಲ್ಲ. ಡಾಬಿಗಾಟ್ರಾನ್, ರಿವರಾಕ್ಸಬಾನ್, ಅಪಿಕ್ಸಬಾನ್ ಎಂಬ ಹೊಸ ಮಾತ್ರೆಗಳಿಗೂ ಸೊಪ್ಪಿನ ಪಥ್ಯ ಬೇಕಿಲ್ಲ. ಹಾಗಿದ್ದರೆ ಲೋಹದ ವಾಲ್ವ್ ಇರುವವರೂ ಅವಕ್ಕೆ ಬದಲಾಯಿಸಿಕೊಳ್ಳಬಹುದಲ್ಲ ಎಂದು ಕೇಳಬೇಡಿ. ಡಾಬಿಗಾಟ್ರಾನನ್ನು ಅಂಥವರಲ್ಲಿ ಪರೀಕ್ಷಿಸಿದ ಅಧ್ಯಯನದಲ್ಲಿ ಹೆಪ್ಪುಗಟ್ಟುವುದೂ ರಕ್ತಸ್ರಾವವೂ ಹೆಚ್ಚಾಗಿ, ಅದನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಪ್ರಶ್ನೆ: ಅಪ್ಪನಿಗೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ವಾರ್ಫರಿನ್ ಕೊಟ್ಟಿದ್ದಾರೆ. ಇದು ಇಲಿ ಪಾಷಾಣ ಎಂದು ಯಾರೋ ಹೇಳಿದ ಮೇಲೆ ನುಂಗಲು ಒಪ್ಪುತ್ತಿಲ್ಲ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದ ಮಾತ್ರೆಯನ್ನು ಮಾತ್ರ ಬಿಡುವುದಿಲ್ಲ.
— ಓದುಗರು, ಅಜ್ಜಂಪುರ

ಉತ್ತರ: ಹೇಳಿದವರು ಸುಳ್ಳು ಹೇಳಿಲ್ಲ, ಅರ್ಧ ಹೇಳಿದ್ದಾರೆ. ಅಮೃತ್ ಮಹಲ್ ದನಗಳ ಊರಿನವರಿಗೆ ಉಳಿದರ್ಧ ಹಿಡಿಸೀತು. 1920ರ ದಶಕದಲ್ಲಿ ಕೆನಡಾದ ಮತ್ತು ಅಮೆರಿಕದ ಉತ್ತರ ಭಾಗದ ಬಯಲುಗಳಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ನೆನೆದು ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವು ತಿಂದವಕ್ಕೇ ಈ ಕಾಯಿಲೆ. 1933ರ ಚಳಿಗಾಲದಲ್ಲಿ ಎಡ್ ಕಾರ್ಲ್‌ಸನ್ ಎಂಬ ರೈತ ಸತ್ತ ಕಡಸನ್ನು, ಆ ಮೇವನ್ನು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನು ಗಾಡಿಗೆ ಹೇರಿಕೊಂಡು, ಹಿಮ ಸುರಿಯುತ್ತಿದ್ದಾಗಲೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಅಲ್ಲಿನ ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ವರ್ಷಗಟ್ಟಲೆ ದುಡಿದು ಮೇವಿನೊಳಗಿನ ಡೈಕೌಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದೇ ಕುಲದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧಿಯಾಯಿತು. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಕೊಟ್ಟದ್ದೂ ಇದನ್ನೇ. ಅಳತೆ ಮೀರಿದರೆ ತಿರುಗಿಸಲು ವಿಟಮಿನ್ ಕೆ ಇದೆ. ಹೆಪ್ಪು ಕಾಲಿನಿಂದ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ ಎಂಬುದನ್ನು ಅಪ್ಪನಿಗೆ ಹೇಳಿ.

ನನಗೆ ಭಯ ಆ ಮಂಡಿನೋವಿನ ಮಾತ್ರೆಯದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಕೆರೆದು ಹುಣ್ಣು ಮಾಡುತ್ತವೆ, ವಾರ್ಫರಿನ್ ಆ ಹುಣ್ಣಿನ ರಕ್ತ ನಿಲ್ಲಗೊಡುವುದಿಲ್ಲ. ನೋವಿಗೆ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ಕೊಡಿ. ಅದನ್ನೂ ದಿನಗಟ್ಟಲೆ ನುಂಗಿದರೆ ಐಎನ್‌ಆರ್ ಏರುತ್ತದೆ. ಭೇದಿಗೆ ಕೊಡುವ ಮೆಟ್ರೋನಿಡಜೋಲ್ ಕೂಡ ಏರಿಸುತ್ತದೆ. ಕ್ಲಿನಿಕ್ಕಿನಲ್ಲಿ ಸೊಂಟಕ್ಕೆ ಸೂಜಿ ಚುಚ್ಚುವ ಮೊದಲು ವಾರ್ಫರಿನ್ ವಿಷಯ ಹೇಳಬೇಕು, ಮಾಂಸಖಂಡದೊಳಗೆ ರಕ್ತ ಕಟ್ಟಿಕೊಳ್ಳಬಹುದು. ಒಂದು ಹೊತ್ತಿನ ಮಾತ್ರೆ ಮರೆತರೆ ಅದೇ ದಿನ ನೆನಪಾದಾಗ ಕೊಡಿ. ಮಾರನೆಯ ದಿನ ನೆನಪಾದರೆ ಎರಡು ಸೇರಿಸಿ ಕೊಡಬೇಡಿ, ತಪ್ಪಿದ್ದನ್ನು ಪುಸ್ತಕದಲ್ಲಿ ಬರೆದಿಟ್ಟು ಮುಂದಿನ ಭೇಟಿಯಲ್ಲಿ ತೋರಿಸಿ.