ಕಾವಲು ಗಡಿಯಾರ

ಹಿಂದೆ ಸರ್ಕಾರದ ಖಜಾನೆಗಳಲ್ಲಿ ಕಾವಲುಗಾರನು ರಾತ್ರಿಯಿಡೀ ತಾಸಿಗೊಮ್ಮೆ ಗಂಟೆ ಬಾರಿಸುತ್ತಿದ್ದನು. ಅದರ ನಾದವು ಕಾಲವನ್ನು ತಿಳಿಸುವುದರ ಜೊತೆಗೆ, ಕಾವಲುಗಾರನು ಎಚ್ಚರವಾಗಿದ್ದಾನೆಂಬುದನ್ನೂ ಸಾರುತ್ತಿತ್ತು. ಗಣಕಯಂತ್ರಗಳಲ್ಲಿಯೂ ಇಂತಹುದೇ ಒಂದು ಏರ್ಪಾಡು ಉಂಟು. ಅದಕ್ಕೆ ವಾಚ್‌ಡಾಗ್ ಟೈಮರ್, ಎಂದರೆ ಕಾವಲು ಗಡಿಯಾರ ಎಂದು ಹೆಸರು.

ಗಣಕಯಂತ್ರವು ತನಗೆ ಕೊಟ್ಟ ಆದೇಶಗಳ ಸರಣಿಯಂತೆ ನಡೆಯುತ್ತದೆ. ಈ ಸರಣಿಯೇ ತಂತ್ರಾಂಶ. ಅದರಲ್ಲಿ ದೋಷವಿದ್ದರೆ ಯಂತ್ರವು ಕೆಲವೇ ಆದೇಶಗಳನ್ನು ಮತ್ತೆ ಮತ್ತೆ ಪಾಲಿಸುತ್ತ ಗಾಣದೆತ್ತಿನಂತೆ ಸುತ್ತತೊಡಗಬಹುದು, ಇಲ್ಲವೆ ಸ್ತಬ್ಧವಾಗಬಹುದು. ಮೇಜಿನ ಮೇಲಿನ ಯಂತ್ರವಾದರೆ ಗುಂಡಿಯನ್ನೊತ್ತಿ ಮರಳಿ ಚಾಲನೆಗೊಳಿಸಬಹುದು. ಆದರೆ ಲಕ್ಷಾಂತರ ಕಿಲೋಮೀಟರು ದೂರದ ನೌಕೆಯಲ್ಲಿ ಗುಂಡಿ ಒತ್ತುವವರು ಯಾರು?

ಆ ಕೆಲಸವನ್ನು ಕಾವಲು ಗಡಿಯಾರವು ಮಾಡುತ್ತದೆ. ತಂತ್ರಾಂಶವು ಕೆಟ್ಟರೂ ತಾನು ಕೆಡದೆ ನಡೆಯುವಂತೆ ರಚಿಸಿದ ವಿದ್ಯುನ್ಮಂಡಲವಿದು. ನಿಶ್ಚಿತ ಸಂಖ್ಯೆಯೊಂದರಿಂದ ಸೊನ್ನೆಯ ಕಡೆಗೆ ಅದು ಎಣಿಸುತ್ತ ಬರುತ್ತದೆ. ಸೊನ್ನೆ ಮುಟ್ಟುವ ಮೊದಲೇ ತಂತ್ರಾಂಶವು ಸಂಕೇತ ಕಳುಹಿಸಬೇಕು. ಕಳುಹಿಸಿದರೆ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಸಂಕೇತ ಬಾರದೆ ಎಣಿಕೆ ಸೊನ್ನೆಗಿಳಿದರೆ, ಗಡಿಯಾರವು ಗಣಕವನ್ನು ಮರುಚಾಲನೆಗೊಳಿಸುತ್ತದೆ.

1994ರ ಜನವರಿ 25ರಂದು ಅಮೆರಿಕವು ಕ್ಲೆಮೆಂಟೈನ್ ಎಂಬ ನೌಕೆಯನ್ನು ಹಾರಿಸಿತು. ಅದು ಎರಡು ತಿಂಗಳಿಗೂ ಹೆಚ್ಚು ಕಾಲ ಚಂದ್ರನನ್ನು ಸುತ್ತಿ ಲಕ್ಷಾಂತರ ಚಿತ್ರಗಳನ್ನು ಕಳುಹಿಸಿತು. ಮುಂದೆ ಅದು ಜಿಯೊಗ್ರಾಫೋಸ್ ಎಂಬ ಕ್ಷುದ್ರಗ್ರಹವನ್ನು ಸಂದರ್ಶಿಸಬೇಕಾಗಿತ್ತು. ಮೇ 7ರಂದು ತಂತ್ರಾಂಶವು ಕೆಟ್ಟಿತು. ದಿಕ್ಕನ್ನು ತಿದ್ದುವ ಪುಟ್ಟ ರಾಕೆಟ್ಟುಗಳು 11 ನಿಮಿಷ ಉರಿದು, ಅವುಗಳ ಇಂಧನವೆಲ್ಲ ತೀರಿತು. ನೌಕೆಯು ನಿಮಿಷಕ್ಕೆ ಸುಮಾರು 80 ಬಾರಿ ಬುಗುರಿಯಂತೆ ತಿರುಗತೊಡಗಿತು. ಕ್ಷುದ್ರಗ್ರಹದ ಯಾತ್ರೆಯನ್ನು ಕೈಬಿಡಬೇಕಾಯಿತು. ವಿಷಾದದ ಸಂಗತಿಯೆಂದರೆ, ಅದರ ಗಣಕದಲ್ಲಿ ಕಾವಲು ಗಡಿಯಾರವು ಇದ್ದೇ ಇತ್ತು. ಅದನ್ನು ಬಳಸುವ ತಂತ್ರಾಂಶವನ್ನು ಬರೆಯಲು ವೇಳೆ ಸಿಕ್ಕಿರಲಿಲ್ಲ.

1997ರ ಜುಲೈ 4ರಂದು ಮಂಗಳದ ಮೇಲಿಳಿದ ಪಾತ್‌ಫೈಂಡರ್ ನೌಕೆಯ ಕಥೆ ಬೇರೆ. ಅದರ ಗಣಕದಲ್ಲಿ ಮುಖ್ಯ ಕಾರ್ಯವೊಂದು ಕೆಲವೊಮ್ಮೆ ಸಕಾಲದಲ್ಲಿ ಮುಗಿಯುತ್ತಿರಲಿಲ್ಲ. ಆಗೆಲ್ಲ ಕಾವಲು ವ್ಯವಸ್ಥೆಯು ಗಣಕವನ್ನು ಮರುಚಾಲನೆಗೊಳಿಸಿತು. ಆ ದಿನದ ಕೆಲವು ಕೆಲಸಗಳು ನಿಂತರೂ ನೌಕೆಯು ಉಳಿಯಿತು. ಅಷ್ಟರಲ್ಲಿ ತಂತ್ರಜ್ಞರು ಭೂಮಿಯ ಮೇಲಿನ ಅಂತಹುದೇ ಗಣಕದಲ್ಲಿ ದೋಷವನ್ನು ಪತ್ತೆಮಾಡಿ, ತಿದ್ದುಪಡಿಯನ್ನು ಮಂಗಳಕ್ಕೆ ರವಾನಿಸಿದರು.

ಕಾವಲು ಗಡಿಯಾರವು ದೋಷವನ್ನು ತಾನೇ ತಿದ್ದಲಾರದು. ಅದನ್ನು ತಿದ್ದಲು ಮಾನವನಿಗೆ ಬೇಕಾದ ಸಮಯವನ್ನು ಅದು ಒದಗಿಸಿಕೊಡುತ್ತದೆ. ತಪ್ಪೇ ಆಗದೆಂದು ನಂಬುವುದಕ್ಕಿಂತ, ತಪ್ಪಾದಾಗ ಚೇತರಿಸಿಕೊಳ್ಳುವ ದಾರಿಯನ್ನು ಮೊದಲೇ ಸಿದ್ಧಪಡಿಸಿಕೊಳ್ಳುವುದು ವಿವೇಕ.